ವರ ಬರಲಿಲ್ಲ, ಪಾರ್ಸಲ್ ಬಂತು

ಎರ್ಲಡ್ಡು ಮರಿಯ ಸುದ್ದಿ ನೀವೂ ಓದಿದ್ದೀರಿ. ಅದೇ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುವ ಹುಲ್ಲುಗಾವಲಿನ ದೊಡ್ಡ ಹಕ್ಕಿ. 2024ರ ಅಕ್ಟೋಬರ್‌ನಲ್ಲಿ ಜೈಸಲ್ಮೇರ್ ಜಿಲ್ಲೆಯಲ್ಲಿ ಕೃತಕ ಗರ್ಭಧಾರಣೆಯಿಂದ ಮರಿ ಹುಟ್ಟಿತು. ಅಪ್ಪನ ಹೆಸರು ಸುದಾ, ಈ ಹಕ್ಕಿಯ ಸಂತಾನ ಬೆಳೆಸುವ ರಾಮದೇವ್ರಾ ಕೇಂದ್ರದವನು. ಅಮ್ಮ ಟೋನಿ, ಅಂಥದೇ ದೂರದ ಸಮ್ ಕೇಂದ್ರದವಳು. ಸುದಾನಿಗೆ ಬೊಂಬೆ ಹೆಣ್ಣು ತೋರಿಸಿ ಪಳಗಿಸಿದರು. ವೀರ್ಯ ತೆಗೆದು ಟೋನಿಗೆ ತಲುಪಿಸಿದರು. ಜಾತಕ ಬೇಡ, ಛತ್ರ ಬೇಡ, ಎಷ್ಟು ಸಲೀಸು!

ಬಯಲಲ್ಲಾದರೆ ಇದೇ ಕೆಲಸಕ್ಕೆ ಗಂಡು ಪಡುವ ಪಾಡು ನೋಡಬೇಕು. ಹತ್ತು ಕಿಲೋ ದಾಟಿದ ಈ ಆಸಾಮಿ ಹುಲ್ಲುಗಾವಲಲ್ಲಿ ಒಂದು ಆಯಕಟ್ಟಿನ ಜಾಗ ಹಿಡಿದು ನಿಲ್ಲುತ್ತಾನೆ. ಬಾಲ ಎತ್ತಿ ಬೆನ್ನಿಗೆ ಮಡಚುತ್ತಾನೆ. ರೆಕ್ಕೆ ಇಳಿಬಿಡುತ್ತಾನೆ. ಕತ್ತಿನ ಚೀಲಕ್ಕೆ ಗಾಳಿ ತುಂಬುತ್ತಾನೆ. ಅದು ಊದಿ ಊದಿ ಕಾಲ ಮಧ್ಯೆ ಜೋತಾಡುತ್ತದೆ. ಆಮೇಲೆ ಹೂಂ ಅಂತ ಗುಂಯ್‌ಗುಡುವ ಕೂಗು. ಹೆಣ್ಣು ಬರುತ್ತಾಳೆ, ನೋಡುತ್ತಾಳೆ, ಹಿಡಿಸದಿದ್ದರೆ ಮಿಡತೆ ಹೆಕ್ಕುತ್ತಾ ಮುಂದೆ ಹೋಗುತ್ತಾಳೆ. ಉಪ್ಪಿಟ್ಟು ತಿಂದು 'ಊರಿಗೆ ಹೋಗಿ ತಿಳಿಸ್ತೀವಿ' ಅನ್ನುವ ಗಂಡಿನ ಕಡೆಯವರ ಗತ್ತೆಲ್ಲ ಇಲ್ಲಿ ಅವಳದು. ಇರಲಿ ಬಿಡಿ, ನ್ಯಾಯವೇ. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಕಾವು, ಮರಿಯ ಜವಾಬ್ದಾರಿ ಎಲ್ಲ ಅವಳ ತಲೆ ಮೇಲೆ. ಅವನು ಅಷ್ಟರಲ್ಲಿ ಇನ್ನೊಬ್ಬಳಿಗಾಗಿ ಚೀಲ ಊದುತ್ತಿರುತ್ತಾನೆ.

ಗುಜರಾತಿನ ಕಛ್‌ನಲ್ಲಿ ಹೆಣ್ಣುಗಳಿಗೆ ಈ ತಲೆನೋವೂ ತಪ್ಪಿತು. ಆರಿಸೋಕೆ ಗಂಡೇ ಇಲ್ಲ! ಉಳಿದ ನಾಲ್ಕಾರು ಹೆಣ್ಣುಗಳು ಮೊಟ್ಟೆ ಇಟ್ಟರೂ ಅದು ಬಂಜೆ ಮೊಟ್ಟೆ. ಅಲ್ಲಿ ಈ ಹಕ್ಕಿಗೆಂದೇ ಅಭಯಾರಣ್ಯ ಇದೆ, ಸುಮಾರು 2 ಚದರ ಕಿಲೋಮೀಟರ್! ಹಾರುವ ಹಕ್ಕಿಗೆ ಇಷ್ಟು ಉದಾರವಾಗಿ ಸೈಟ್ ಮಂಜೂರು ಮಾಡಿದವರಿಗೆ ಸನ್ಮಾನ ಆಗಬೇಕು. ಹೊರಗೆ ಕಾಲಿಟ್ಟರೆ ಗಾಳಿಯಂತ್ರ, ಕರೆಂಟಿನ ತಂತಿ.

ಈ ಹಕ್ಕಿಯ ಕಣ್ಣು ತಲೆಯ ಪಕ್ಕದಲ್ಲಿದೆ, ಎದುರಿನದು ಸರಿಯಾಗಿ ಕಾಣಲ್ಲ. ತಂತಿ ಕಂಡಾಗ ಆ ಭಾರದ ಮೈ ತಿರುಗಿಸಲು ಹೊತ್ತಿರಲ್ಲ. ಥಾರ್‌ನಲ್ಲಿ ಹೀಗೆ ವರ್ಷಕ್ಕೆ ಸುಮಾರು 18 ಸಾಯುತ್ತವೆ ಅಂತ ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜು ಮಾಡಿತ್ತು. ದೇಶದಲ್ಲಿ ಉಳಿದಿರುವುದೇ ನೂರೈವತ್ತರೊಳಗೆ. ತಂತಿ ಹೂಳಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಖರ್ಚು ಜಾಸ್ತಿ, ಆಗಲ್ಲ ಅಂತ ಸರ್ಕಾರ ರಾಗ ಎಳೆಯಿತು. 2024ರ ಮಾರ್ಚ್‌ನಲ್ಲಿ ಆ ಆದೇಶ ಸಡಿಲವಾಯಿತು, ಸಮಿತಿ ಹುಟ್ಟಿತು. ಸಮಿತಿ ಹುಟ್ಟೋಕೆ ನಮ್ಮಲ್ಲಿ ಯಾವ ಕೃತಕ ವಿಧಾನವೂ ಬೇಕಾಗಿಲ್ಲ.

ವಿಜ್ಞಾನಿಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಇಲ್ಲದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಸಿಟ್ಟಿರುವುದು ಮರಿಯ ಫೋಟೋ ಹಿಡಿದು ಬೆನ್ನು ತಟ್ಟಿಕೊಳ್ಳುವವರ ಮೇಲೆ. ಪರಿಸರ ಉಳಿಸುವ ಕರೆಂಟು ಅಂತ ಹೆಸರಿಟ್ಟು ಹಕ್ಕಿಯ ಕೊನೆಯ ಹುಲ್ಲುಗಾವಲಿಗೆ ಕಂಬ ನೆಟ್ಟವರ ಮೇಲೆ. ಸೌರಫಲಕ ಹಾಕೋಕೆ ಬೇರೆ ಜಾಗವೇ ಇರಲಿಲ್ವಾ? ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿದೆ. ಮರಿಗಳನ್ನು ಮುಂದೆ ಬಯಲಿಗೆ ಬಿಡ್ತಾರಂತೆ. ಯಾವ ಬಯಲಿಗೆ ಸ್ವಾಮಿ?