ಸೈನಿಕರ ಹೆಂಡತಿಯರ ಹಾಡಿನ ತಂಡ: ಟಿವಿಯವರು ಹುಟ್ಟುಹಾಕಿದ್ದಲ್ಲ
ಬ್ರಿಟನ್ನಿನ 'ಮಿಲಿಟರಿ ವೈವ್ಸ್ ಕ್ವೈರ್' ಅನ್ನು 2011ರಲ್ಲಿ ಬಿಬಿಸಿ ಶೋಗಾಗಿ ಶುರು ಮಾಡಿದರು, ಚೆನ್ನಾಗಿ ಹಾಡುವವರನ್ನೇ ಆರಿಸಿದರು ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು. ಮೊದಲ ತಂಡ ಕಟ್ಟಿದ್ದು 2010ರಲ್ಲಿ, ಕ್ಯಾಟರಿಕ್ ಸೇನಾ ನೆಲೆಯಲ್ಲಿ. ಗಂಡಂದಿರು ಅಫ್ಘಾನಿಸ್ತಾನಕ್ಕೆ ಹೋದಾಗ ಅಲ್ಲಿದ್ದ ಹೆಂಗಸರೇ ಸೇರಿಕೊಂಡು ಶುರು ಮಾಡಿದರು. ಟಿವಿ ಬಂದಿದ್ದು ಆಮೇಲೆ. ಈ ತಂಡಗಳಿಗೆ ಸೇರಲು ಆಡಿಷನ್ ಇಲ್ಲ, ಶ್ರುತಿ ತಪ್ಪಿದರೂ ನಡೆಯುತ್ತದೆ. ವಾರಕ್ಕೊಂದು ಸಂಜೆ ಮನೆಯಿಂದ ಹೊರಬಂದು, ತನ್ನ ಹಾಗೆಯೇ ಫೋನಿನ ಸದ್ದಿಗೆ ಬೆಚ್ಚುವ ಇನ್ನೊಬ್ಬಳ ಪಕ್ಕ ನಿಲ್ಲುವುದೇ ದೊಡ್ಡದು ಅಲ್ವಾ? 2011ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನಲ್ಲಿ ನಂಬರ್ ಒನ್ ಆದ ಅವರ ಹಾಡಿನ ಸಾಲುಗಳು ಕೂಡ ಗಂಡ ಹೆಂಡತಿ ಬರೆದುಕೊಂಡ ಪತ್ರಗಳಿಂದಲೇ ಹೆಕ್ಕಿದವು. ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ.