ಕತ್ತಲಾದ ಮೇಲೂ ಹೊರಡುವ ಹಡಗು

ಚಳಿಗಾಲ ಹತ್ತಿರವಿತ್ತು. ಕಾರು ತೆಗೆದುಕೊಂಡು ಕೆನಡಾದ ವ್ಯಾಂಕೂವರ್ ದ್ವೀಪದ ಉತ್ತರದ ತುದಿಗೆ, ಪೋರ್ಟ್ ಹಾರ್ಡಿಗೆ ಹೋಗಿದ್ದೆವು. ಅಲ್ಲಿಂದ ಪ್ರಿನ್ಸ್ ರೂಪರ್ಟ್‌ಗೆ ಹಡಗು. ಬೇಸಿಗೆಯಲ್ಲಿ ಬೆಳಗ್ಗೆ ಹೊರಟು ಹದಿನಾರು ತಾಸಿನಲ್ಲಿ ಮುಟ್ಟಿಸುತ್ತದೆ. ಚಳಿಗಾಲದಲ್ಲಿ ಹಾಗಲ್ಲ, ರಾತ್ರಿಯಿಡೀ ಸಾಗಿ ಮರುದಿನ ತಲುಪುವುದು. ಸಂಜೆಯೇ ಕತ್ತಲು ಕವಿದಿತ್ತು, ಮಳೆ ಬಿಟ್ಟೂಬಿಡದೆ ಜಡಿಯುತ್ತಿತ್ತು. ಗೇಟಿನಲ್ಲಿದ್ದ ಹೆಂಗಸನ್ನು ಕೇಳಿದೆ, "ಇವತ್ತು ಬಿಡ್ತೀರಾ?" ಅವರಿಗೆ ನನ್ನ ಪ್ರಶ್ನೆಯೇ ಹಿಡಿಯಲಿಲ್ಲ. "ಯಾಕೆ ಬಿಡಲ್ಲ?" ಅಂದವರು ಕಾರಿನ ಉದ್ದ ಕೇಳಿ, ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಬರೆದ ಚೀಟಿ ಕೊಟ್ಟರು.

ಸಾಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನಾಚೆ ಇರುವ ತುಮರಿ ಕಡೆಯವರಿಗೆ ಆ ಪ್ರಶ್ನೆ ಯಾಕೆ ಬಂತು ಅಂತ ಹೇಳಬೇಕಿಲ್ಲ. ನನ್ನ ಅಜ್ಜಿಮನೆ ಹೊಳೆಯಾಚೆ. ಸಾಗರದಲ್ಲಿ ಏನೇ ಕೆಲಸವಿರಲಿ, ಮದುವೆ ಊಟವೇ ಇರಲಿ, ಮಧ್ಯಾಹ್ನ ಕಳೆದರೆ ಅಜ್ಜನಿಗೆ ಚಡಪಡಿಕೆ ಶುರು. "ಲಾಂಚ್ ತಪ್ತದೆ, ಏಳಿ." ಕತ್ತಲಾದರೆ ಜನ, ವಾಹನ ದಾಟಿಸುವ ಆ ಲಾಂಚ್ ಇರುತ್ತಿರಲಿಲ್ಲ. ತಪ್ಪಿದರೆ ಸಾಗರದಲ್ಲೇ ಯಾರದ್ದಾದರೂ ಮನೆಯಲ್ಲಿ ಉಳಿಯಬೇಕಿತ್ತು, ಇಲ್ಲವೇ ಕಾಡುದಾರಿಯಲ್ಲಿ ಸುತ್ತಬೇಕಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ವಾಹನ ಹತ್ತಿಸುತ್ತಲೇ ಇರಲಿಲ್ಲ. ಹಾಗೆ ನೋಡಿದರೆ ಆಗುಂಬೆಯ ಮಳೆಯ ಮುಂದೆ ಪ್ರಿನ್ಸ್ ರೂಪರ್ಟ್‌ನ ಮಳೆ ಏನೂ ಅಲ್ಲ. ಇಲ್ಲಿ ವರ್ಷಕ್ಕೆ 2,500 ಮಿ.ಮೀ. ಮೇಲೆ ಸುರಿದರೆ, ಆಗುಂಬೆಯಲ್ಲಿ 7,000 ದಾಟುವುದೂ ಉಂಟು. ಆದರೆ ಇಲ್ಲಿ ಹಡಗು ನಿಲ್ಲುವುದು ಬಿರುಗಾಳಿಗೆ. ಬರೀ ಕತ್ತಲಾಯಿತು ಅಂತ ಯಾರೂ ನಿಲ್ಲಿಸುವುದಿಲ್ಲ.

ಹಡಗಿನ ಹೊಟ್ಟೆಯೊಳಗೆ ನೂರಕ್ಕೂ ಜಾಸ್ತಿ ಕಾರು ಹಿಡಿಯುತ್ತವೆ. ನಿಲ್ಲಿಸಿ ಮೇಲೆ ಬಂದ ಮೇಲೆ ಕೆಳಗಿನ ಬಾಗಿಲು ಹಾಕುತ್ತಾರೆ, ಸಾಗುವಾಗ ಕಾರಿನ ಹತ್ತಿರ ಹೋಗುವಂತಿಲ್ಲ. ಕಂಬಳಿ, ನೀರು, ಮಾತ್ರೆ ಎಲ್ಲ ಮೊದಲೇ ಎತ್ತಿಕೊಂಡು ಬರಬೇಕು. ದುಡ್ಡು ಕೊಟ್ಟರೆ ಮಲಗಲು ಕೋಣೆ, ಇಲ್ಲದಿದ್ದರೆ ಕುರ್ಚಿ. ನನಗೆ ನಿದ್ದೆ ಬರಲಿಲ್ಲ. ದಾರಿಯಲ್ಲಿ ಬೆಲ್ಲಾ ಬೆಲ್ಲಾ ಎಂಬ ಊರು. ಹೈಲ್ಟ್‌ಸುಕ್ ಎಂಬ ಮೂಲನಿವಾಸಿಗಳ ದ್ವೀಪದೂರು ಅದು, ಹೊರಗಿನಿಂದ ಯಾವ ರಸ್ತೆಯೂ ಇಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಡಗು ದಡಕ್ಕೆ ತಾಗಿತು. ಅಕ್ಕಿ ಮೂಟೆ, ಟಯರು, ಮಗುವಿನ ಡಯಾಪರ್ ತುಂಬಿದ ಗಾಡಿಗಳು ಇಳಿದವು. ಜನ ಮಳೆಯಲ್ಲೇ ಬಂದು ನೆಂಟರನ್ನು ಕರೆದುಕೊಂಡು ಹೋದರು. ಅಷ್ಟು ಪುಟ್ಟ ಊರಿಗೆ ನಡುರಾತ್ರಿ ಇಷ್ಟು ದೊಡ್ಡ ಹಡಗು ಬರುತ್ತದೆ ಅಂದರೆ ನನಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು.

ಯಾಕೆಂದರೆ ನಮ್ಮವರು ಕೇಳಿದ್ದೂ ಇಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಬಿಟ್ಟುಕೊಟ್ಟವರು ಅವರು. ಆ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್ ತೆಗೆಯಬಲ್ಲದು, ಬೆಂಗಳೂರಿನ ದೀಪ ರಾತ್ರಿಯೆಲ್ಲ ಉರಿಯುತ್ತದೆ. ಅದೇ ನೀರು ದಾಟಲು ಇವರಿಗೆ ರಾತ್ರಿ ಒಂದು ಲಾಂಚ್ ಇರಲಿಲ್ಲ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಲು 2025ರ ಜುಲೈ ಬರಬೇಕಾಯಿತು.

ಸೇತುವೆ ಆದ ಮೇಲೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಲಾಂಚಿನ ಫೋಟೊಗಳದ್ದೇ ಸಾಲು. "ಆ ಮಜಾ ಇನ್ನಿಲ್ಲ", "ಸಿಗಂದೂರಿಗೆ ಹೋದ ಹಾಗೇ ಅನ್ನಿಸಲ್ಲ". ಬರೆದವರೆಲ್ಲ ಹೊಳೆಯ ಈಚೆಯವರು, ವರ್ಷಕ್ಕೊಮ್ಮೆ ಹೊಳೆಯಾಚೆಯ ಸಿಗಂದೂರು ದೇವಿಯ ದರ್ಶನಕ್ಕೆ ಹೋಗುವವರು. ಹೊಳೆಯಾಚೆಯವರು ಒಬ್ಬರೂ ಹಾಗೆ ಬರೆಯಲಿಲ್ಲ. ಸೇತುವೆ ಆದ ವಾರವೇ ಮಾವ ರಾತ್ರಿ ಹತ್ತು ಗಂಟೆಗೆ ಸಾಗರದಿಂದ ಮನೆಗೆ ಹೋಗಿ, ಸುಮ್ನೆ ಅದನ್ನು ಹೇಳಲಿಕ್ಕೇ ಫೋನ್ ಮಾಡಿದ್ದರು.

ಇಲ್ಲಿಯದೆಲ್ಲ ಚಂದ ಅಂತಲೂ ಅಲ್ಲ. ಚಳಿಗಾಲದಲ್ಲಿ ಹಡಗು ದಿನಾ ಇರುವುದಿಲ್ಲ, ತಪ್ಪಿದರೆ ದಿನಗಟ್ಟಲೆ ಕಾಯಬೇಕು. ಕಾರಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಾಲಿನಲ್ಲಿ ಅಷ್ಟು ಹೊತ್ತು ಕಾದರೂ ಪಕ್ಕದ ಕಾರಿನವರು ಗಾಜು ಇಳಿಸಿ ಒಂದು ಮಾತಾಡಲಿಲ್ಲ. ಲಾಂಚ್ ಹತ್ತುವ ಹೊಳೆಬಾಗಿಲಲ್ಲಾದರೆ ಅಷ್ಟರೊಳಗೆ ಯಾರ ಮನೆಯವರು, ಅಡಿಕೆ ಕೊಯ್ಲು ಆಯಿತಾ, ಎಲ್ಲ ಮುಗಿದಿರುತ್ತಿತ್ತು.

ಇನ್ನೊಂದನ್ನೂ ಹೇಳಲೇಬೇಕು. ಇದೇ ದಾರಿಯಲ್ಲಿ 2006ರ ಮಾರ್ಚ್‌ನಲ್ಲಿ ಕ್ವೀನ್ ಆಫ್ ದ ನಾರ್ತ್ ಎಂಬ ಹಡಗು ನಡುರಾತ್ರಿ ಗಿಲ್ ದ್ವೀಪಕ್ಕೆ ಬಡಿದು ಮುಳುಗಿತು. 101 ಜನರಲ್ಲಿ 99 ಜನ ಉಳಿದರು, ಇಬ್ಬರು ಸಿಗಲೇ ಇಲ್ಲ. ಹತ್ತಿರದ ಹಾರ್ಟ್ಲಿ ಬೇ ಎಂಬ ಸಣ್ಣ ಊರಿನ ಜನ ಕತ್ತಲಲ್ಲೇ ತಮ್ಮ ಮೀನಿನ ದೋಣಿಗಳನ್ನು ತೆಗೆದು ಹೋಗಿ ಜನರನ್ನು ಕರೆತಂದರು, ಕಂಬಳಿ ಹೊದಿಸಿದರು.

ನಮ್ಮಲ್ಲೂ ಅಂಥವರಿದ್ದರು. ಚಿಕ್ಕಮ್ಮನಿಗೆ ರಾತ್ರಿ ಹೆರಿಗೆ ನೋವು ಬಂದಾಗ ಲಾಂಚಿನವರ ಮನೆಗೇ ಹೋಗಿ ಎಬ್ಬಿಸಿದ್ದರಂತೆ. ಅವರು ಒಂದು ಮಾತೂ ಆಡದೆ ಬಂದು ದಾಟಿಸಿದರು, ದುಡ್ಡು ಮುಟ್ಟಲಿಲ್ಲ. ಅಂಥ ಮನುಷ್ಯರು ಇಲ್ಲಿ ನನಗೆ ಕಡಿಮೆ ಸಿಕ್ಕಿದ್ದಾರೆ, ಒಪ್ಪುತ್ತೇನೆ. ಆದರೆ ಚಿಕ್ಕಮ್ಮ ಆ ಕತೆ ಹೇಳುವಾಗಲೆಲ್ಲ ಕೇಳುವುದುಂಟು, ಆ ದಿನ ಅವರು ನೆಂಟರ ಮನೆಗೆ ಹೋಗಿದ್ದಿದ್ದರೆ ಏನು ಮಾಡಬೇಕಿತ್ತು ಅಂತ.