ತಪ್ಪಾಗಿ ಚುಚ್ಚಿದರೆ ಏನು ಸುಡುತ್ತದೆ?

ಸ್ವಂತ ಸಿಂಗಲ್ ಬೋರ್ಡ್ ಕಂಪ್ಯೂಟರ್ (ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್) ಡಿಸೈನ್ ಮಾಡುವ ಹುಡುಗರು ಈಗ ಜಾಸ್ತಿಯಾಗಿದ್ದಾರೆ. ಖುಷಿಯ ವಿಷಯವೇ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಅಂತ ತಿಂಗಳುಗಟ್ಟಲೆ ಜಗಳ ಆಡುತ್ತಾರೆ. ಬೋರ್ಡಿಗೆ ಹೊಸ ಕೆಲಸ ಸೇರಿಸಲು ಚುಚ್ಚುವ ಎಕ್ಸ್‌ಪಾನ್ಷನ್ ಕಾರ್ಡಿನ ಕನೆಕ್ಟರ್ ವಿಷಯ ಬಂದಾಗ ಮಾತ್ರ ಒಂದೇ ಪ್ರಶ್ನೆ: "ಸರ್, 40 ಪಿನ್ ಸಾಕಾ?" ನನ್ನನ್ನು ಕೇಳಿದರೆ ಪಿನ್ ಎಣಿಕೆ ಆಮೇಲಿನದು. ಕಾರ್ಡನ್ನು ಯಾರೋ ಅವಸರದಲ್ಲಿ ತಪ್ಪಾಗಿ ಚುಚ್ಚಿದರೆ ಏನು ಸುಡುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಇಂಥ ಬೋರ್ಡುಗಳಲ್ಲಿ ಹೆಸರಾದ ರಾಸ್ಪ್‌ಬೆರಿ ಪೈ ತಗೊಳ್ಳಿ. 2014ರ ಬಿ ಪ್ಲಸ್ ಮಾದರಿಯಿಂದ ಇಲ್ಲಿಯವರೆಗೂ ಅದೇ 40 ಪಿನ್, ಎರಡು ಸಾಲು, 2.54 ಮಿ.ಮೀ. ಅಂತರ. ಸುತ್ತ ಗೋಡೆ ಇಲ್ಲ, ದಿಕ್ಕು ತೋರಿಸುವ ಕಚ್ಚೂ ಇಲ್ಲ. ಒಂದು ಸಾಲಿನಲ್ಲಿ ಬೆಸ ಸಂಖ್ಯೆಯ ಪಿನ್‌ಗಳು, ಇನ್ನೊಂದರಲ್ಲಿ ಸರಿ ಸಂಖ್ಯೆಯವು. 2 ಮತ್ತು 4ನೇ ಪಿನ್ 5 ವೋಲ್ಟ್, 6ನೆಯದು ಗ್ರೌಂಡ್. ಈಗ ಕಾರ್ಡನ್ನು ಒಂದೇ ಒಂದು ಮನೆ ಆಚೆ ಜರುಗಿಸಿ ಕೂರಿಸಿದಿರಿ ಅಂದುಕೊಳ್ಳಿ (ಊಹೆ ಸಾಕು, ಮಾಡಿ ನೋಡಬೇಡಿ). ಕಾರ್ಡಿನ 6ನೇ ತೂತು ಪೈನ 4ನೇ ಪಿನ್ ಮೇಲೆ ಕೂತಿತು. ಕಾರ್ಡಿನ ಗ್ರೌಂಡ್‌ಗೇ 5 ವೋಲ್ಟ್ ಬಂತು! ಅಲ್ಲಿಗೇ ಮುಗಿಯಲಿಲ್ಲ. ಕಾರ್ಡಿನ 9ನೇ ತೂತೂ ಗ್ರೌಂಡೇ ಅಲ್ವಾ? ಗ್ರೌಂಡೆಲ್ಲ ಕಾರ್ಡಿನೊಳಗೆ ಒಂದಕ್ಕೊಂದು ಸೇರಿರುತ್ತವೆ, ಹಾಗಾಗಿ ಅಲ್ಲಿಗೂ 5 ವೋಲ್ಟ್ ಬಂತು. ಅದು ಕೂತಿರುವುದು ಪೈನ 7ನೇ ಪಿನ್ ಮೇಲೆ, ಅಂದರೆ ಜಿಪಿಐಒ 4 ಅನ್ನುವ ಸಿಗ್ನಲ್ ಪಿನ್ ಮೇಲೆ. 3.3 ವೋಲ್ಟ್ ಮಾತ್ರ ತಡೆಯುವ ಪಿನ್‌ಗೆ ಸೀದಾ 5 ವೋಲ್ಟ್. ನಾಲ್ಕು ಮೂಲೆಗೂ ಸ್ಪೇಸರ್ ಇಟ್ಟು ಸ್ಕ್ರೂ ಬಿಗಿಯುವವರು ಬಚಾವ್, ಸ್ಕ್ರೂ ತೂತುಗಳು ಕೂಡದೆ ಕೂಡಲೇ ಗೊತ್ತಾಗುತ್ತದೆ. ಅಷ್ಟು ತಾಳ್ಮೆ ಎಷ್ಟು ಜನರಿಗಿದೆ ಹೇಳಿ.

ಇದನ್ನು ತಪ್ಪಿಸಲು ದೊಡ್ಡ ಖರ್ಚೇನೂ ಇಲ್ಲ. ಕೇಬಲ್ ಹಾಕುವುದಾದರೆ ಬರೀ ಬರ್ಗ್ ಸ್ಟ್ರಿಪ್ (ಗೋಡೆಯಿಲ್ಲದ ಪಿನ್ ಸಾಲು) ಬಿಟ್ಟು, ಸುತ್ತ ಗೋಡೆಯೂ ದಿಕ್ಕಿನ ಕಚ್ಚೂ ಇರುವ ಎಫ್‌ಆರ್‌ಸಿ (ಚಪ್ಪಟೆ ಕೇಬಲಿನ) ಬಾಕ್ಸ್ ಹೆಡರ್ ಹಾಕಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎರಡೂ ಸಿಗುತ್ತವೆ. ಕಾರ್ಡನ್ನು ನೇರವಾಗಿ ಮೇಲೆ ಕೂರಿಸುವುದಾದರೆ ಹಳೇ ಐಡಿಇ (ಅಗಲ ಪಟ್ಟಿ ಕೇಬಲಿನ) ಹಾರ್ಡ್‌ಡಿಸ್ಕಿನ ಉಪಾಯ ಇದೆ. ಅದರಲ್ಲಿ 20ನೇ ಪಿನ್ನೇ ಇರುತ್ತಿರಲಿಲ್ಲ, ಕೇಬಲಿನ ಕಡೆ ಆ ತೂತು ಮುಚ್ಚಿರುತ್ತಿತ್ತು. ನೀವೂ ನಡುವಿನ ಒಂದು ಪಿನ್ ಕಿತ್ತು, ಎದುರಿನ ತೂತು ಮುಚ್ಚಿ. ಉಲ್ಟಾ ಹಾಕಿದರೂ ಕೂರುವುದಿಲ್ಲ, ಜರುಗಿಸಿದರೂ ಕೂರುವುದಿಲ್ಲ.

"ಕಾರ್ಡಿನ ಅಂಚಿಗೇ ಚಿನ್ನದ ಪಟ್ಟಿ ಕೊಟ್ಟರೆ ಒಂದು ಕನೆಕ್ಟರ್ ಉಳಿಯುತ್ತದಲ್ಲ" ಅನ್ನುವವರೂ ಇದ್ದಾರೆ. ಉಳಿಯುತ್ತದೆ, ನಿಜ. ಆದರೆ ಸಾಮಾನ್ಯ ಪಿಸಿಬಿಯ (ಬಿಡಿಭಾಗ ಬೆಸೆಯುವ ಹಲಗೆಯ) ತೆಳು ಚಿನ್ನ ತೆಗೆದು ಹಾಕಿ ಮಾಡಿದರೆ ಸವೆದು ಹೋಗುತ್ತದೆ. ಗಟ್ಟಿ ಚಿನ್ನದ ಲೇಪನಕ್ಕೆ, ಅಂಚು ಓರೆ ಮಾಡಿಸುವುದಕ್ಕೆ ಬೇರೆ ದುಡ್ಡು. ಜೊತೆಗೆ ಕಾರ್ಡನ್ನು ಅಲ್ಲಾಡದಂತೆ ಹಿಡಿಯಲು ಏನಾದರೂ ಬೇಕು. 1981ರ ಸಿಂಕ್ಲೇರ್ ಝಡ್‌ಎಕ್ಸ್81 ಅನ್ನುವ ಮನೆ ಕಂಪ್ಯೂಟರಿನಲ್ಲಿ 16ಕೆ ರ‍್ಯಾಮ್ ಪ್ಯಾಕ್ ಹೀಗೇ ಹಿಂದಿನ ಅಂಚಿಗೆ ಜೋತುಬಿದ್ದಿರುತ್ತಿತ್ತು. ಕೀ ಒತ್ತುವಾಗ ಅದು ಚೂರು ಅಲುಗಿದರೆ ಸಾಕು, ಟೈಪ್ ಮಾಡಿದ ಪ್ರೋಗ್ರಾಮ್ ಪೂರ್ತಿ ಮಾಯ.

ತೀರಾ ಸಣ್ಣ ಪಿಚ್‌ನ (ಪಿನ್‌ಗಳ ನಡುವಿನ ಅಂತರದ) ಕನೆಕ್ಟರ್ ನೋಡಲು ಚೆಂದ. ರಾಸ್ಪ್‌ಬೆರಿ ಪೈನವರದ್ದೇ 2020ರ ಕಂಪ್ಯೂಟ್ ಮಾಡ್ಯೂಲ್ 4ರಲ್ಲಿ 0.4 ಮಿ.ಮೀ. ಅಂತರದ 100 ಪಿನ್‌ನ ಹಿರೋಸೆ ಕಂಪನಿಯ ಕನೆಕ್ಟರ್ ಎರಡಿವೆ. ಒಮ್ಮೆ ಕೂರಿಸಿ ಮರೆತುಬಿಡುವ ಕಡೆಗೆ ಅದು ಸರಿ. ಕಲಿಯುವ ಮಕ್ಕಳು ದಿನಾ ತೆಗೆದು ಹಾಕುವ ಬೋರ್ಡಿಗೆ, ಕೈಯಲ್ಲೇ ಬೆಸುಗೆ ಹಾಕುವವರಿಗೆ, ಸುಮ್ನೆ ತಲೆನೋವು. ಪಿಸಿಐ ಎಕ್ಸ್‌ಪ್ರೆಸ್‌ನಂಥ ವೇಗ ಬೇಕೇಬೇಕು ಅನ್ನುವವರ ಲೆಕ್ಕ ಬೇರೆ, ಅಲ್ಲಿ ಬರ್ಗ್ ಸ್ಟ್ರಿಪ್ ನಡೆಯುವುದಿಲ್ಲ.

ಪಿನ್‌ಗಳ ಜಾಗವನ್ನು "ಆಮೇಲೆ ಸರಿ ಮಾಡೋಣ" ಅಂತ ಬಿಡುವವರು ಆರ್ಡುಯಿನೋ ಊನೋ ಅನ್ನುವ ಕಲಿಕೆಯ ಬೋರ್ಡ್ ನೋಡಿ. 7 ಮತ್ತು 8ನೇ ಪಿನ್ ನಡುವೆ 4.06 ಮಿ.ಮೀ. ಅಂತರ. ಮಾಮೂಲಿ ಝೀರೋ ಪಿಸಿಬಿ (2.54 ಮಿ.ಮೀ.ಗೊಂದು ತೂತಿರುವ ಖಾಲಿ ಹಲಗೆ) ಅದಕ್ಕೆ ಕೂರುವುದೇ ಇಲ್ಲ. ತಿದ್ದಿದರೆ ಹಳೇ ಶೀಲ್ಡ್‌ಗಳು (ಊನೋ ಮೇಲೆ ಚುಚ್ಚುವ ಕಾರ್ಡುಗಳು) ಕೂರುವುದಿಲ್ಲ, ಹಾಗಾಗಿ 2023ರ ಊನೋ ಆರ್4ನಲ್ಲೂ ಅದೇ ಅಂತರ ಉಳಿದಿದೆ. ಬೋರ್ಡ್ ಮಾಡುವವರಿಗೆ ಗರ್ಬರ್ ಫೈಲ್ (ಬೋರ್ಡಿನ ನಕ್ಷೆ) ಕಳಿಸುವ ಮುಂಚೆ ಒಂದು ಮಧ್ಯಾಹ್ನ ಇದಕ್ಕೆ ಇಡಿ. ಡಿಸೈನನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು, ಕಾಗದಕ್ಕೆ ಕನೆಕ್ಟರ್ ಚುಚ್ಚಿ, ಮೇಲೆ ಝೀರೋ ಪಿಸಿಬಿ ಇಟ್ಟು ನೋಡಿ.